ಅರಬ್ಬಿ ಭಾಷೆಯ ಕಲಿಕೆ: ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಕಲಿಕಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಅರಬ್ಬಿ ಅಕ್ಷರಗಳನ್ನು ಗುರುತಿಸಿ ಗಟ್ಟಿಯಾಗಿ ಓದಬಲ್ಲವರು ಅನೇಕರಿದ್ದಾರೆ. ಮಸೀದಿಗಳಿಗೆ ಹೊಂದಿಕೊಂಡಿರುವ ಮಕ್ತಬ್‌ಗಳಲ್ಲಿ ಮುಸ್ಲಿಂ ಕುಟುಂಬಗಳ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ಈ ಲಿಪಿಯನ್ನು ಕಲಿತಿರುತ್ತಾರೆ. ಆದರೆ ಓದಿದ ವಾಕ್ಯದ ಅರ್ಥವನ್ನು ಹೇಳಬಲ್ಲವರು, ಅರಬ್ಬಿಯಲ್ಲಿ ಒಂದು ಪತ್ರವನ್ನು ಬರೆಯಬಲ್ಲವರು ಅಥವಾ ಅರಬ್ಬಿ ಮಾತನಾಡುವವರೊಡನೆ ವ್ಯವಹರಿಸಬಲ್ಲವರು ವಿರಳ. ಓದುವುದಕ್ಕೂ ತಿಳಿಯುವುದಕ್ಕೂ ನಡುವೆ ಇರುವ ಈ ಅಂತರವು ಕೇವಲ ಶೈಕ್ಷಣಿಕ ವಿಷಯವಲ್ಲ. ಉದ್ಯೋಗವನ್ನು ಅರಸಿ ಕೊಲ್ಲಿ ರಾಷ್ಟ್ರಗಳಿಗೆ ತೆರಳುವ ಚಾಲಕರು, ಗಾರೆ ಕೆಲಸದವರು, ದಾದಿಯರು ಮತ್ತು ಅಂಗಡಿ ನೌಕರರು ಯಾವುದೇ ಸಮುದಾಯಕ್ಕೆ ಸೇರಿರಲಿ, ಅರಬ್ಬಿಯಲ್ಲಿ ಬರೆದ ಕರಾರು ಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ಆ ಪತ್ರದ ಸಂಬಳದ ಅಂಕಿಯನ್ನು ತಪ್ಪಾಗಿ ಓದಿದವರಿಗೆ ಅದರ ಪರಿಣಾಮವು ಊರು ಬಿಟ್ಟ ಮೇಲೆಯೇ ತಿಳಿಯುತ್ತದೆ.

ಅರಬ್ಬಿಯನ್ನು ಪರಭಾಷೆಯಾಗಿ ಕಲಿಯಲಿಚ್ಛಿಸುವವರು ಮತ್ತು ಕಲಿಸುವ ಶಿಕ್ಷಕರು ಗಮನಿಸಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಕನ್ನಡ ಬಲ್ಲವರಿಗೆ ಈ ಭಾಷೆಯು ತಿಳಿದಿರುವುದಕ್ಕಿಂತ ಹತ್ತಿರದ್ದು ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಕರ್ನಾಟಕದಲ್ಲಿ ಅರಬ್ಬಿ ವ್ಯಾಸಂಗವು ಹೊಸದಲ್ಲ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ವಿಜಾಪುರದ ಆದಿಲ್‌ಶಾಹಿಗಳ ಅಧೀನದಲ್ಲಿದ್ದಿತು. 1686ರಲ್ಲಿ ವಿಜಾಪುರವು ಮೊಗಲರ ವಶವಾದ ನಂತರ ಬಂಕಾಪುರ ಮೊದಲಾದ ಪ್ರದೇಶಗಳು ಅಬ್ದುಲ್ ರೌಫ್ ಖಾನನಿಗೆ ಜಹಗೀರಾಗಿ ದೊರೆತವು. ಸವಣೂರಿನ ನವಾಬರ ಮನೆತನವು ಹೀಗೆ ಆರಂಭವಾಯಿತು. ಸದರಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಗೆ ಒಳಪಟ್ಟವು.

ಸುಲ್ತಾನರ ಮತ್ತು ಮೊಗಲರ ಕಾಲದಲ್ಲಿ ಆಡಳಿತದ ಪ್ರಮುಖ ಭಾಷೆ ಪಾರಸಿಯಾಗಿದ್ದಿತೇ ಹೊರತು ಅರಬ್ಬಿಯಲ್ಲ. ಅರಬ್ಬಿಯು ಧರ್ಮ ಮತ್ತು ಶಾಸ್ತ್ರಗಳ ಭಾಷೆಯಾಗಿ ಉಳಿದಿತ್ತು. ಆದರೆ ಪಾರಸಿಯಲ್ಲಿಯೇ ಅರಬ್ಬಿ ಪದಗಳು ಹೇರಳವಾಗಿದ್ದುದರಿಂದ ಅವು ಪಾರಸಿಯ ಮೂಲಕವೂ ಪೇಶ್ವೆಯವರ ಕಾಲದ ಮರಾಠಿಯ ಮೂಲಕವೂ ಕನ್ನಡದ ಕಾಗದಪತ್ರಗಳನ್ನು ಹೊಕ್ಕವು.

ಮಕ್ತಬ್‌ಗಳ ಓದು

ಮಕ್ತಬ್‌ನಲ್ಲಿ ಮಗುವಿಗೆ ಮೊದಲು ನೀಡುವ ಪುಸ್ತಕವನ್ನು ‘ಕಾಯಿದಾ’ ಎನ್ನುತ್ತಾರೆ. ‘ನೂರಾನಿ ಕಾಯಿದಾ’ ಇವುಗಳಲ್ಲಿ ಪ್ರಸಿದ್ಧವಾದುದು. ಕನ್ನಡದಲ್ಲಿ ಕಾನೂನು ಎಂಬ ಅರ್ಥದಲ್ಲಿ ಬಳಸುವ ‘ಕಾಯಿದೆ’ ಮತ್ತು ಈ ಬಾಲಪಾಠದ ಹೆಸರು ಒಂದೇ ಪದ. ಬುನಾದಿ, ನಿಯಮ ಎಂಬುದು ಅದರ ಮೂಲಾರ್ಥ. ಅಕ್ಷರಗಳು, ಅಕ್ಷರಗಳ ಜೋಡಣೆ, ಸ್ವರಚಿಹ್ನೆಗಳು ಎಂಬ ಕ್ರಮದಲ್ಲಿ ಸಾಗುವ ಈ ಅಭ್ಯಾಸದ ಗುರಿಯು ಕುರ್‌ಆನನ್ನು ಶುದ್ಧವಾಗಿ ಪಠಿಸುವುದೇ ಆಗಿರುತ್ತದೆ. ಆ ಗುರಿಯನ್ನು ಅದು ಚೆನ್ನಾಗಿಯೇ ಸಾಧಿಸುತ್ತದೆ. ಉಚ್ಚಾರಣೆಯ ವಿಷಯದಲ್ಲಿ ಮಕ್ತಬ್‌ನಲ್ಲಿ ಪಳಗಿದ ಹತ್ತು ವರ್ಷದ ಬಾಲಕನು ಪುಸ್ತಕದಿಂದಲೇ ಅರಬ್ಬಿ ಕಲಿತ ಪದವೀಧರನಿಗಿಂತ ಮುಂದಿರುತ್ತಾನೆ ಎಂಬುದನ್ನು ಒಪ್ಪಲೇಬೇಕು.

ಆದರೆ ಈ ಅಭ್ಯಾಸದಲ್ಲಿ ಪದಗಳ ಅರ್ಥ, ವಾಕ್ಯರಚನೆ ಮತ್ತು ಸಂಭಾಷಣೆ ಒಳಗೊಂಡಿರುವುದಿಲ್ಲ. ಪಠಣವನ್ನು ಬಲ್ಲ ಮಗುವಿಗೆ ಅರಬ್ಬಿ ಭಾಷೆ ಬರುತ್ತದೆಯೆಂದು ಪೋಷಕರು ಭಾವಿಸುವುದೂ, ಆ ಕಾರಣದಿಂದಲೇ ಭಾಷೆಯನ್ನು ಪ್ರತ್ಯೇಕವಾಗಿ ಕಲಿಯುವ ಅಗತ್ಯವಿಲ್ಲವೆಂದು ತಿಳಿಯುವುದೂ ಸಾಮಾನ್ಯವಾಗಿ ಕಂಡುಬರುವ ಸಂಗತಿ. ದೇವನಾಗರಿ ಓದಬಲ್ಲ ಮಾತ್ರಕ್ಕೆ ಸಂಸ್ಕೃತ ಕಾವ್ಯ ತಿಳಿಯದು, ಇಲ್ಲಿಯೂ ಹಾಗೆಯೇ. ಮಕ್ತಬ್‌ನ ಓದನ್ನು ಬಿಡಿಸಬೇಕಾಗಿಲ್ಲ. ಅದು ಮುಗಿದ ಕಡೆಯಿಂದ ಭಾಷೆಯ ಪಾಠವನ್ನು ಆರಂಭಿಸಿದರೆ ಲಿಪಿಗಾಗಿ ವ್ಯಯವಾಗುವ ಕಾಲ ಉಳಿತಾಯವಾಗುತ್ತದೆ.

ಲಿಪಿ ಮತ್ತು ಉಚ್ಚಾರಣೆ

ಅರಬ್ಬಿಯಲ್ಲಿ 28 ಅಕ್ಷರಗಳಿದ್ದು, ಬರವಣಿಗೆಯು ಬಲದಿಂದ ಎಡಕ್ಕೆ ಸಾಗುತ್ತದೆ. ಒಂದೇ ಅಕ್ಷರವು ಪದದ ಆರಂಭ, ನಡು ಮತ್ತು ಕೊನೆಗಳಲ್ಲಿ ಬೇರೆ ಬೇರೆ ಆಕಾರ ತಾಳುತ್ತದೆ. ಅಲಿಫ್, ದಾಲ್, ಝಾಲ್, ರಾ, ಝಾಯ್ ಮತ್ತು ವಾವ್ ಎಂಬ ಆರು ಅಕ್ಷರಗಳು ತಮ್ಮ ಮುಂದಿನ ಅಕ್ಷರದೊಡನೆ ಕೂಡುವುದಿಲ್ಲ. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಇವೆಲ್ಲ ಪರಿಚಿತ. ಕನ್ನಡ ಮಾಧ್ಯಮದವರಿಗೆ ಕೆಲವು ವಾರಗಳ ನಿತ್ಯಾಭ್ಯಾಸ ಬೇಕಾಗುತ್ತದೆ.

ಕನ್ನಡದ ಕಲಿಕಾರ್ಥಿಯನ್ನು ನಿಜವಾಗಿ ತಡೆಯುವುದು ಅಕ್ಷರಗಳ ಆಕಾರವಲ್ಲ, ಸ್ವರಗಳ ಅಭಾವ. ಕಾಗುಣಿತದಲ್ಲಿ ಕ, ಕಿ, ಕು ಎಂಬ ಭೇದ ಕಣ್ಣಿಗೆ ಕಾಣುತ್ತದೆ. ಅರಬ್ಬಿಯಲ್ಲಿಯೂ ಫತ್‌ಹಾ, ಕಸ್ರಾ, ಝಮ್ಮಾ ಎಂಬ ಮೂರು ಹ್ರಸ್ವ ಸ್ವರಚಿಹ್ನೆಗಳಿವೆ. ಕುರ್‌ಆನ್ ಪ್ರತಿಗಳಲ್ಲಿ ಮತ್ತು ಬಾಲಪಾಠಗಳಲ್ಲಿ ಅವುಗಳನ್ನು ತಪ್ಪದೆ ಮುದ್ರಿಸಲಾಗುತ್ತದೆ. ವೃತ್ತಪತ್ರಿಕೆ, ಕಚೇರಿಯ ಪತ್ರ, ರಸ್ತೆಯ ಫಲಕಗಳಲ್ಲಿ ಮುದ್ರಿಸುವುದಿಲ್ಲ. ಕ್, ತ್, ಬ್ ಎಂಬ ಮೂರು ವ್ಯಂಜನಗಳನ್ನು ಮಾತ್ರ ಬರೆದಾಗ ಅದು ‘ಕತಬ’ (ಬರೆದನು) ಆಗಬಹುದು, ‘ಕುತಿಬ’ (ಬರೆಯಲ್ಪಟ್ಟಿತು) ಆಗಬಹುದು, ‘ಕುತುಬ್’ (ಪುಸ್ತಕಗಳು) ಸಹ ಆಗಬಹುದು. ಯಾವುದೆಂಬುದನ್ನು ವಾಕ್ಯದ ಅರ್ಥವೇ ನಿರ್ಧರಿಸುತ್ತದೆ. ಅಂದರೆ ಅರಬ್ಬಿಯಲ್ಲಿ ಅರ್ಥ ತಿಳಿಯದೆ ಸರಿಯಾಗಿ ಓದಲು ಸಾಧ್ಯವಾಗುವುದು ಸ್ವರಚಿಹ್ನೆಗಳಿರುವ ಪುಟದಲ್ಲಿ ಮಾತ್ರ. ಮಕ್ತಬ್‌ನಲ್ಲಿ ನಿರರ್ಗಳವಾಗಿ ಓದುತ್ತಿದ್ದ ಯುವಕನು ವಿಮಾನ ನಿಲ್ದಾಣದ ಫಲಕದ ಮುಂದೆ ತಡವರಿಸುವುದಕ್ಕೆ ಇದೇ ಕಾರಣ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೂ ಉರ್ದು ಭಾಷಿಕರಿಗೂ ತೊಡಕು ಸರಿಸುಮಾರು ಒಂದೇ. ಅರಬ್ಬಿಯ ಐದು ಬೇರೆ ಬೇರೆ ಅಕ್ಷರಗಳು ಕನ್ನಡಕ್ಕೆ ಬಂದಾಗ ‘ಜ’ ಎಂಬ ಒಂದೇ ಅಕ್ಷರವಾಗಿವೆ. ಜಮಾ, ಅಜಾನ್, ಜಕಾತಿ, ಹಾಜರಿ, ನಜರು ಈ ಐದು ಪದಗಳಲ್ಲಿರುವ ‘ಜ’ಕಾರವು ಮೂಲದಲ್ಲಿ ಐದು ಪ್ರತ್ಯೇಕ ಧ್ವನಿಗಳು. ಹಾಗೆಯೇ ಸಲಾಮು, ಸಾಹೇಬ, ಸಾಬೀತು ಪದಗಳ ‘ಸ’ಕಾರ ಮೂರು ಬಗೆಯದು. ಗಂಟಲಿನಿಂದ ಹೊರಡುವ ‘ಕಾಫ್’ ಮತ್ತು ಕನ್ನಡದ ಕಕಾರವನ್ನು ಹೋಲುವ ‘ಕಾಫ್’ ಬೇರೆ ಬೇರೆ. ಮೊದಲನೆಯದರಿಂದ ಆರಂಭವಾಗುವ ‘ಕಲ್ಬ್’ ಎಂದರೆ ಹೃದಯ. ಎರಡನೆಯದರಿಂದ ಆರಂಭವಾದರೆ ನಾಯಿ. ಆದುದರಿಂದ ಶಿಕ್ಷಕರು ಈ ಭೇದವನ್ನು ಮೊದಲ ತಿಂಗಳಿನಲ್ಲಿಯೇ ಕಿವಿಗೆ ಹಿಡಿಸುವುದು ಒಳಿತು.

ಕೆಲವು ಕಡೆ ಕನ್ನಡಿಗರ ಬಾಯಿಯೇ ಹೆಚ್ಚು ಧ್ವನಿಗಳನ್ನು ಬಲ್ಲದು. ಗ್ರಾಂಥಿಕ ಅರಬ್ಬಿಯಲ್ಲಿ ಪ, ಗ, ಚ ಮತ್ತು ಟ ಧ್ವನಿಗಳಿಲ್ಲ. ಆದುದರಿಂದ ‘ಪ’ಕಾರದಿಂದ ಆರಂಭವಾಗುವ ಹೆಸರುಗಳನ್ನು ಅರಬ್ ದೇಶಗಳಲ್ಲಿ ‘ಬ’ಕಾರದಿಂದ ಬರೆಯುವುದು ವಾಡಿಕೆ. ವೀಸಾದಲ್ಲಿನ ಅರಬ್ಬಿ ಹೆಸರನ್ನು ಪಾಸ್‌ಪೋರ್ಟಿನ ಹೆಸರಿನೊಡನೆ ಹೋಲಿಸುವಾಗ ಈ ಸಂಗತಿ ತಿಳಿದಿರಬೇಕು.

ಕನ್ನಡದಲ್ಲಿ ಈಗಾಗಲೇ ಇರುವ ಅರಬ್ಬಿ

ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಮೂಲಧಾತುವಿನಿಂದ ಹುಟ್ಟುತ್ತವೆ. ಧಾತುವಿನ ಸುತ್ತ ಸ್ವರಗಳನ್ನು ಬದಲಿಸಿ, ಹಿಂದೆ ಮುಂದೆ ಒಂದೆರಡು ಅಕ್ಷರಗಳನ್ನು ಸೇರಿಸಿ ಹೊಸ ಪದಗಳನ್ನು ರಚಿಸಲಾಗುತ್ತದೆ. ಈ ನಿಯಮವನ್ನು ವಿವರಿಸಲು ಪಠ್ಯಪುಸ್ತಕಗಳು ಕ್-ತ್-ಬ್ ಧಾತುವನ್ನು ಬಳಸುತ್ತವೆ: ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವನು), ಮಕ್ತಬ್ (ಬರೆಯುವ ಸ್ಥಳ), ಮಕ್ತೂಬ್ (ಬರೆಯಲ್ಪಟ್ಟದ್ದು). ಆದರೆ ಹಾವೇರಿ ಜಿಲ್ಲೆಯ ಕಲಿಕಾರ್ಥಿಗೆ ಇದಕ್ಕಿಂತ ಹತ್ತಿರದ ಉದಾಹರಣೆಗಳು ತಹಸೀಲ್ದಾರರ ಕಚೇರಿಯಲ್ಲಿಯೇ ದೊರೆಯುತ್ತವೆ.

‘ತಾಲ್ಲೂಕು’ ಮತ್ತು ‘ಇಲಾಖೆ’ ಎಂಬ ಎರಡು ಪದಗಳು ಒಂದೇ ಧಾತುವಿನಿಂದ ಬಂದವು. ಅಂಟಿಕೊಳ್ಳು, ಸಂಬಂಧ ಹೊಂದಿರು ಎಂಬುದು ಅದರ ಅರ್ಥ. ತಹಸೀಲು ಮತ್ತು ಮಹಸೂಲು ಒಂದೇ ಧಾತುವಿನವು. ಪಡೆಯುವುದು, ಸಂಗ್ರಹಿಸುವುದು ಎಂಬುದು ಮೂಲ. ‘ದಾರ’ ಎಂಬುದು ಮಾತ್ರ ಪಾರಸಿಯ ಪ್ರತ್ಯಯ. ಹಾಜರಿ ಮತ್ತು ಹುಜೂರು ಒಂದು ಕುಟುಂಬ, ನಜರು ಮತ್ತು ಮಂಜೂರು ಮತ್ತೊಂದು. ಮಂಜೂರಾದ ಅರ್ಜಿಯೆಂದರೆ ಅಕ್ಷರಶಃ ‘ಕಣ್ಣಿಗೆ ಬಿದ್ದ’ ಅರ್ಜಿ. ಜಮಾ, ಜಮಾತು, ಜುಮ್ಮಾ ಇವೆಲ್ಲ ‘ಕೂಡು’ ಎಂಬ ಒಂದೇ ಧಾತುವಿನ ರೂಪಗಳು. ಅರ್ಜಿ, ವಕೀಲ, ಹಕ್ಕು, ವಾರಸು, ಅಸಲು, ನಕಲು, ಬಾಕಿ, ವಸೂಲಿ, ಜಪ್ತಿ, ಮುದ್ದತ್ತು, ಸಹಿ, ತಾರೀಖು ಇವೆಲ್ಲವೂ ಅರಬ್ಬಿ ಮೂಲದವು. ಇಂತಹ ಪದಗಳ ಮೂಲವನ್ನು ತಿಳಿಯಲಿಚ್ಛಿಸುವವರು ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಎರವಲು ಪದಕೋಶ’ವನ್ನು ನೋಡಬಹುದು.

ಕೃಷಿಯಲ್ಲಿಯೂ ಇದೇ ಸ್ಥಿತಿ. ‘ರೈತ’ ಎಂಬ ಪದವು ಮೇಯಿಸು, ಪಾಲಿಸು ಎಂಬ ಅರ್ಥದ ಧಾತುವಿನಿಂದ ಬಂದ ‘ರಯಿಯ್ಯತ್’ ಎಂಬುದರ ರೂಪಾಂತರ. ಸಾಲದ ಬಡ್ಡಿಯಲ್ಲಿ ದೊರೆಯುವ ‘ರಿಯಾಯಿತಿ’ಯೂ ಅದೇ ಧಾತುವಿನದು. ‘ಫಸಲು’ ಎಂದರೆ ಮೂಲದಲ್ಲಿ ಋತು ಅಥವಾ ವಿಭಾಗ, ‘ಖರೀಫ್’ ಎಂದರೆ ಶರತ್ಕಾಲ, ‘ರಬಿ’ ಎಂದರೆ ವಸಂತ. ಮುಂಗಾರಿಗೆ ಇಂಗ್ಲಿಷಿನಲ್ಲಿರುವ ‘ಮಾನ್ಸೂನ್’ ಎಂಬ ಹೆಸರೂ ‘ಮೌಸಿಮ್’ ಎಂಬ ಅರಬ್ಬಿ ಪದದಿಂದ ಬಂದುದು. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಹತ್ತಿ ಹಿಂಜುವ ವೃತ್ತಿಯಿಂದ ಗುರುತಿಸಲ್ಪಟ್ಟ ನದಾಫ ಸಮುದಾಯದ ಹೆಸರು ಅರಬ್ಬಿಯಲ್ಲಿ ‘ಹತ್ತಿ ಹಿಂಜುವವನು’ ಎಂದೇ ಅರ್ಥ ಕೊಡುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರ (1819–1889) ಹೆಸರು ‘ಗೌರವಾನ್ವಿತ’ ಎಂಬ ಅರ್ಥದ ಗುಣವಾಚಕ. ನಾಟಕ ಆಡುವವರೂ ಕುಸ್ತಿ ಪಟುಗಳೂ ಬಳಸುವ ‘ತಾಲೀಮು’ ಎಂಬುದು ಅರಬ್ಬಿಯಲ್ಲಿ ‘ಬೋಧನೆ’.

ಆದರೆ ಪರಿಚಿತ ಪದವೆಲ್ಲವೂ ನಂಬತಕ್ಕದ್ದಲ್ಲ. ಪಾರಸಿಯ ಮೂಲಕ ಹಾದು ಬರುವಾಗ ಅನೇಕ ಪದಗಳ ಅರ್ಥ ಬದಲಾಗಿದೆ. ಅರಬ್ಬಿಯಲ್ಲಿ ‘ಗರೀಬ್’ ಎಂದರೆ ಬಡವನಲ್ಲ, ಅಪರಿಚಿತ ಅಥವಾ ವಿಚಿತ್ರ. ‘ಮಹಲ್’ ಎಂದರೆ ಅರಮನೆಯಲ್ಲ, ಸ್ಥಳ. ಇಂದಿನ ಬಳಕೆಯಲ್ಲಿ ಅಂಗಡಿ. ‘ಫುರ್ಸಾ’ ಎಂದರೆ ಬಿಡುವಲ್ಲ, ಅವಕಾಶ. ‘ತಕ್ರಾರ್’ ಎಂದರೆ ಜಗಳವಲ್ಲ, ಪುನರಾವರ್ತನೆ. ಒಂದೇ ಮಾತನ್ನು ಪದೇ ಪದೇ ಹೇಳುವುದು ಕನ್ನಡಕ್ಕೆ ಬರುವಷ್ಟರಲ್ಲಿ ತಕರಾರಾಗಿದೆ. ಕರಾರು ಮತ್ತು ತಕರಾರು ಕನ್ನಡದಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಅರಬ್ಬಿಯಲ್ಲಿ ಅವುಗಳ ಧಾತುಗಳು ಬೇರೆ. ಮೇಲೆ ಹೇಳಿದ ಎರಡು ಬಗೆಯ ಕಕಾರಗಳೇ ಇಲ್ಲಿ ವ್ಯತ್ಯಾಸವನ್ನು ಸೂಚಿಸುತ್ತವೆ. ಕನ್ನಡದ ‘ರಜಾ’ ಅರಬ್ಬಿಯಲ್ಲಿ ‘ಸಮ್ಮತಿ’ಗೆ ಸಂಬಂಧಿಸಿದ ಪದ. ಕೆಲಸಕ್ಕೆ ರಜೆ ಬೇಕಾದವರು ‘ಇಜಾಝಾ’ ಎನ್ನಬೇಕು.

ಪರಿಚಿತ ಪದಗಳಿಂದ ಆರಂಭಿಸಿ, ಅವುಗಳ ಧಾತುವನ್ನು ಬಿಡಿಸಿ, ಅರ್ಥ ಬದಲಾದ ಕಡೆ ಎಚ್ಚರಿಸುವ ಕ್ರಮವು ಈ ಭಾಗದ ತರಗತಿಗಳಿಗೆ ಹೆಚ್ಚು ಸೂಕ್ತ. ಇತರೆಡೆಗಾಗಿ ಸಿದ್ಧಪಡಿಸಿದ ಪಠ್ಯಗಳಲ್ಲಿ ಈ ಅನುಕೂಲವನ್ನು ಬಳಸಿಕೊಂಡಿರುವುದಿಲ್ಲ. ಅದನ್ನು ಶಿಕ್ಷಕರೇ ಒದಗಿಸಬೇಕಾಗುತ್ತದೆ.

ವ್ಯಾಕರಣದಲ್ಲಿ ಸುಲಭವಾದುದು, ಕಠಿಣವಾದುದು

ಇಂಗ್ಲಿಷ್ ಕಲಿಯುವಾಗ ಕನ್ನಡದ ಮಕ್ಕಳನ್ನು ಕಾಡುವ ‘ಈಸ್’, ‘ಆರ್’ ಎಂಬ ಕ್ರಿಯಾಪದಗಳ ತೊಂದರೆ ಅರಬ್ಬಿಯಲ್ಲಿಲ್ಲ. ‘ಇದು ಪುಸ್ತಕ’ ಎಂಬುದು ಕನ್ನಡದಲ್ಲಿ ಎರಡೇ ಪದ. ಅರಬ್ಬಿಯಲ್ಲಿಯೂ ‘ಹಾಝಾ ಕಿತಾಬ್’ ಎಂದು ಎರಡೇ. ವಿಭಕ್ತಿಯ ಕಲ್ಪನೆಯೂ ಶಾಲೆಯ ಕನ್ನಡ ವ್ಯಾಕರಣದಿಂದ ಪರಿಚಿತ. ಕನ್ನಡದಲ್ಲಿ ಏಳು ವಿಭಕ್ತಿಗಳನ್ನು ಹೇಳಿದರೆ ಅರಬ್ಬಿಯ ನಾಮಪದಕ್ಕೆ ಮೂರೇ ಸ್ಥಿತಿಗಳು. ಪದಾಂತ್ಯದ ಸ್ವರವು ಅವುಗಳನ್ನು ಸೂಚಿಸುತ್ತದೆ.

‘ಅಲ್’ ಎಂಬ ನಿರ್ದೇಶಕ ಪದವು ಮುಂದಿನ ಅಕ್ಷರದೊಡನೆ ಕೂಡುವ ಬಗೆಯನ್ನು ಸಂಧಿಯನ್ನು ಬಲ್ಲವರು ಬೇಗ ಗ್ರಹಿಸುತ್ತಾರೆ. ಅಕ್ಷರಗಳಲ್ಲಿ 14 ‘ಸೂರ್ಯಾಕ್ಷರ’ಗಳು, 14 ‘ಚಂದ್ರಾಕ್ಷರ’ಗಳು. ಸೂರ್ಯಾಕ್ಷರದ ಹಿಂದೆ ‘ಲ್’ ಲೋಪವಾಗಿ ಆ ಅಕ್ಷರವೇ ದ್ವಿತ್ವವಾಗುತ್ತದೆ. ಇದಕ್ಕೆ ಸವಣೂರಿನ ನವಾಬರ ಹೆಸರುಗಳೇ ಸಾಕು. ಅಬ್ದುಲ್ ಹಕೀಮ್ ಮತ್ತು ಅಬ್ದುಲ್ ಮಜೀದ್ ಎಂಬ ಹೆಸರುಗಳಲ್ಲಿ ಹ, ಮ ಚಂದ್ರಾಕ್ಷರಗಳಾದುದರಿಂದ ‘ಲ್’ ಉಳಿಯುತ್ತದೆ. ಅಬ್ದುಲ್ ರೌಫ್ ಎಂದು ಕನ್ನಡದಲ್ಲಿ ಬರೆಯುವ ಹೆಸರನ್ನು ಅರಬ್ಬಿಯಲ್ಲಿ ‘ಅಬ್ದುರ್ರವೂಫ್’ ಎಂದು ಓದಬೇಕು.

‘ನವಾಬ’ ಎಂಬ ಪದವೂ ಒಂದು ಪಾಠವಾಗಬಲ್ಲದು. ಅರಬ್ಬಿಯ ಬಹುವಚನವು ಅನೇಕ ಪದಗಳಲ್ಲಿ ಪ್ರತ್ಯಯದಿಂದ ಆಗದೆ ಪದದ ಒಳಗಿನ ಸ್ವರಗಳ ಬದಲಾವಣೆಯಿಂದ ಆಗುತ್ತದೆ. ಕಿತಾಬ್ ಎಂಬುದಕ್ಕೆ ಕುತುಬ್, ವಲದ್ (ಹುಡುಗ) ಎಂಬುದಕ್ಕೆ ಔಲಾದ್. ‘ನಾಯಿಬ್’ ಎಂದರೆ ಪ್ರತಿನಿಧಿ. ಅದರ ಬಹುವಚನ ‘ನುವ್ವಾಬ್’. ಅದರಿಂದಲೇ ನವಾಬ. ಹಾಗೆಯೇ ‘ಇಸ್ಮ್’ (ಹೆಸರು) ಎಂಬುದರ ಬಹುವಚನದಿಂದ ಬಂದ ‘ಆಸಾಮಿ’ಯು ಕನ್ನಡದಲ್ಲಿ ಒಬ್ಬನೇ ವ್ಯಕ್ತಿ. ಈ ಒಳ ಬಹುವಚನಗಳಿಗೆ ಖಚಿತವಾದ ಸೂತ್ರವಿಲ್ಲ. ಪ್ರತಿಯೊಂದು ನಾಮಪದವನ್ನು ಅದರ ಬಹುವಚನದೊಡನೆಯೇ ಕಂಠಪಾಠ ಮಾಡುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಕನ್ನಡದಲ್ಲಿ ‘ನೀನು’ ಎಂಬುದಕ್ಕೆ ಲಿಂಗಭೇದವಿಲ್ಲ. ಅರಬ್ಬಿಯಲ್ಲಿ ಪುರುಷನಿಗೆ ‘ಅಂತ’, ಸ್ತ್ರೀಗೆ ‘ಅಂತಿ’. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ದಾದಿಯರು ಇದನ್ನು ಮೊದಲಿಗೇ ರೂಢಿಸಿಕೊಳ್ಳಬೇಕು. ಏಕವಚನ, ಬಹುವಚನಗಳ ನಡುವೆ ದ್ವಿವಚನವೂ ಇದೆ. ಇದನ್ನು ಸಂಸ್ಕೃತದಲ್ಲಿ ಓದಿದವರಿಗೆ ಆಶ್ಚರ್ಯವಾಗದು. ಆದರೆ ಇದನ್ನು ಕೇವಲ ವ್ಯಾಕರಣದ ಅಲಂಕಾರವೆಂದು ಬಿಡುವಂತಿಲ್ಲ. ಇದರ ಮಹತ್ವವನ್ನು ಕರಾರು ಪತ್ರದ ಭಾಗದಲ್ಲಿ ವಿವರಿಸಲಾಗಿದೆ.

ಗ್ರಾಂಥಿಕ ಭಾಷೆ ಮತ್ತು ಆಡುಮಾತು

ಮೈಸೂರಿನ ಪಠ್ಯಪುಸ್ತಕದಿಂದ ಕನ್ನಡ ಕಲಿತು ಸವಣೂರಿನ ಸಂತೆಗೆ ಬಂದ ಪರಭಾಷಿಕನಿಗೆ ‘ಎಲ್ಲಿ ಹೊಂಟೀರಿ’ ಎಂಬುದು ಒಮ್ಮೆಲೇ ತಿಳಿಯದು. ಅರಬ್ಬಿಯಲ್ಲಿ ಈ ಅಂತರ ಇನ್ನೂ ಹೆಚ್ಚು. ವೃತ್ತಪತ್ರಿಕೆ, ವಾರ್ತೆ, ನ್ಯಾಯಾಲಯ ಮತ್ತು ಪಾಠಶಾಲೆಗಳಲ್ಲಿ ‘ಫುಸ್‌ಹಾ’ ಎಂಬ ಗ್ರಾಂಥಿಕ ರೂಪ ಬಳಕೆಯಲ್ಲಿದೆ. ವಿಶ್ವಸಂಸ್ಥೆಯು 1973ರ ಡಿಸೆಂಬರ್ 18ರಂದು ಅಧಿಕೃತ ಭಾಷೆಯಾಗಿ ಅಂಗೀಕರಿಸಿದ್ದು ಈ ರೂಪವನ್ನೇ. ಮನೆಯಲ್ಲಿ, ಅಂಗಡಿಯಲ್ಲಿ, ಕಟ್ಟಡದ ಕೆಲಸದಲ್ಲಿ ಆಡುವುದು ‘ಆಮ್ಮಿಯ್ಯಾ’. ಅದು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ‘ಹೇಗಿದ್ದೀರಿ’ ಎಂಬುದಕ್ಕೆ ಪುಸ್ತಕದಲ್ಲಿ ‘ಕೈಫ ಹಾಲುಕ’ ಎಂದಿದ್ದರೆ ಕುವೈತಿನ ಬೀದಿಯಲ್ಲಿ ‘ಶ್ಲೋನಕ್’ ಎಂದು ಕೇಳಿಬರುತ್ತದೆ. ಪುಸ್ತಕದ ‘ಕಹ್ವಾ’ (ಕಾಫಿ) ಕೊಲ್ಲಿಯ ಆಡುಮಾತಿನಲ್ಲಿ ‘ಗಹ್ವಾ’. ಗ್ರಾಂಥಿಕದಲ್ಲಿ ಇಲ್ಲವೆಂದ ಗಕಾರವು ಆಡುಮಾತಿನಲ್ಲಿ ಹೀಗೆ ಪ್ರತ್ಯಕ್ಷವಾಗುತ್ತದೆ.

ಕೊಲ್ಲಿಯಿಂದ ಮರಳಿದವರು ಕಲಿತು ಬಂದ ಮುರುಕು ಅರಬ್ಬಿಯು ಕೆಲಸದ ಸ್ಥಳದಲ್ಲಿ ಉಪಯುಕ್ತ. ಆದರೆ ಅದರಿಂದ ಕಾಗದಪತ್ರವನ್ನು ಓದಲಾಗದು. ಫುಸ್‌ಹಾವನ್ನಷ್ಟೇ ಕಲಿತವನು ಪತ್ರವನ್ನು ಓದಬಲ್ಲನು, ಆದರೆ ಮೇಸ್ತ್ರಿಯ ಮಾತು ಆತನಿಗೆ ಆರಂಭದಲ್ಲಿ ಅರ್ಥವಾಗದು. ಆಡುಮಾತು ಅಲ್ಲಿನ ವಾಸದಿಂದ ತಾನಾಗಿಯೇ ಬರುತ್ತದೆ, ಓದುಬರಹ ಬರುವುದಿಲ್ಲ. ಈ ಕಾರಣದಿಂದ ಊರಿನಲ್ಲಿದ್ದಾಗ ಗ್ರಾಂಥಿಕ ರೂಪಕ್ಕೆ ಮೊದಲ ಸ್ಥಾನ ನೀಡುವುದು ಲೇಸು.

ಕರಾರು ಪತ್ರದ ಓದು

ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನಂತೆ ಉದ್ಯೋಗದ ಕರಾರು ಅರಬ್ಬಿಯಲ್ಲಿರತಕ್ಕದ್ದು. ಅದರೊಡನೆ ಬೇರೊಂದು ಭಾಷೆಯ ಪಠ್ಯವಿದ್ದರೂ ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಅರಬ್ಬಿ ಪಠ್ಯವೇ ಪ್ರಮಾಣವಾಗುತ್ತದೆ. ಇಂಗ್ಲಿಷ್ ಪ್ರತಿಯಲ್ಲಿ ಏನಿದೆ ಎಂಬುದನ್ನು ಮಾತ್ರ ನೋಡಿ ಸಹಿ ಮಾಡುವುದು ಈ ಕಾರಣದಿಂದ ಸಾಲದು.

ಕರಾರಿಗೆ ಅರಬ್ಬಿಯಲ್ಲಿ ‘ಅಕ್ದ್’ ಎಂದು ಹೆಸರು. ‘ಮುದ್ದತುಲ್ ಅಕ್ದ್’ ಎಂದರೆ ಕರಾರಿನ ಅವಧಿ. ಮುದ್ದತ್ತು ಕನ್ನಡದ್ದೇ ಪದದಂತೆ ಪರಿಚಿತ. ಅದರ ಮುಂದೆ ‘ಸನಾ’ ಎಂದಿದ್ದರೆ ಒಂದು ವರ್ಷ, ‘ಸನತಾನ್’ ಎಂದಿದ್ದರೆ ಎರಡು ವರ್ಷ. ಹಳೆಯ ದಾಖಲೆಗಳಲ್ಲಿ ಇಸವಿಯ ಹಿಂದೆ ಬರೆಯುವ ‘ಸನ್’ ಇದೇ ಪದ. ‘ಎರಡು’ ಎಂಬ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆಯದೆ ದ್ವಿವಚನದ ಪ್ರತ್ಯಯದಿಂದಲೇ ಸೂಚಿಸಲಾಗುತ್ತದೆ. ದ್ವಿವಚನವನ್ನು ಅರಿಯದವನು ಎರಡು ವರ್ಷದ ಕರಾರನ್ನು ಒಂದು ವರ್ಷದ್ದೆಂದು ಓದುವ ಸಾಧ್ಯತೆ ಇದೆ. ‘ರಾತಿಬ್’ ಎಂದರೆ ಸಂಬಳ, ‘ರಾತಿಬ್ ಅಸಾಸಿ’ ಎಂದರೆ ಭತ್ಯೆಗಳನ್ನು ಬಿಟ್ಟ ಮೂಲ ವೇತನ. ‘ಫತ್ರತುತ್ ತಜ್ರಿಬಾ’ ಎಂದರೆ ಪರೀಕ್ಷಾರ್ಥ ಅವಧಿ. ‘ಇಕಾಮಾ’ ಎಂದರೆ ವಾಸದ ಪರವಾನಗಿ. ‘ಕಫೀಲ್’ ಎಂದರೆ ಹೊಣೆಗಾರ. ‘ಝಾಮಿನ್’ ಎಂಬ ಇನ್ನೊಂದು ಪದಕ್ಕೂ ಅದೇ ಅರ್ಥ. ಕನ್ನಡದ ಜಾಮೀನು ಬಂದಿರುವುದು ಅದರಿಂದ.

ಅಂಕಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹಲವು ಅರಬ್ ದೇಶಗಳ ಬರಹದಲ್ಲಿ ಬಳಸುವ ಅಂಕಿಗಳು ಭಾರತದಲ್ಲಿ ಸಾಮಾನ್ಯವಾಗಿ ಬಳಸುವ ಅಂಕಿಗಳಿಗಿಂತ ಭಿನ್ನವಾಗಿವೆ. ಅಲ್ಲಿ ಸೊನ್ನೆಯು ಒಂದು ಚುಕ್ಕಿ. ದುಂಡಗೆ ಸೊನ್ನೆಯಂತೆ ಕಾಣುವುದು ಐದು. ಆರರ ಅಂಕಿಯು ನಮ್ಮ 7ನ್ನು ಹೋಲುತ್ತದೆ. ಆದುದರಿಂದ 650 ಎಂಬ ಸಂಖ್ಯೆಯು ಅರಿಯದವರ ಕಣ್ಣಿಗೆ 70 ಮತ್ತು ಒಂದು ಚುಕ್ಕಿಯಂತೆ ತೋರುತ್ತದೆ. 1500 ಎಂಬುದು 10 ಮತ್ತು ಎರಡು ಚುಕ್ಕಿಗಳಂತೆ ತೋರುತ್ತದೆ. ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಹತ್ತು ಅಂಕಿಗಳನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಭಾಷೆಯನ್ನು ಕಲಿಯಲು ಸಮಯವಿಲ್ಲದವರೂ ಹೊರಡುವ ಮುನ್ನ ಇಷ್ಟನ್ನಾದರೂ ಕಲಿಯಬೇಕು.

ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ಅನುಮತಿಯ ಷರತ್ತು ಅನ್ವಯವಾಗುತ್ತಿದ್ದು, ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ನಿಗದಿತ ದೇಶಗಳಿಗೆ ಉದ್ಯೋಗಕ್ಕೆ ತೆರಳುವ ಮುನ್ನ ಅವರು ಅನುಮತಿ ಪಡೆಯಬೇಕಾಗುತ್ತದೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ಈ ಷರತ್ತು ಇರುವುದಿಲ್ಲ. ಅನುಮತಿ ಬೇಕಿಲ್ಲದವರ ಕರಾರನ್ನು ಬೇರಾರೂ ಪರಿಶೀಲಿಸುವುದಿಲ್ಲವಾದುದರಿಂದ ಅವರು ತಾವೇ ಹೆಚ್ಚು ಜಾಗರೂಕರಾಗಿರತಕ್ಕದ್ದು.

ಪಠ್ಯಗಳು, ತರಗತಿಗಳು ಮತ್ತು ಪರೀಕ್ಷೆಗಳು

ಎಸ್.ಎಸ್.ಎಲ್.ಸಿ. ಪರೀಕ್ಷೆಯ ತೃತೀಯ ಭಾಷೆಗಳ ಪಟ್ಟಿಯಲ್ಲಿ ಅರೇಬಿಕ್ ಇದೆ. ಪದವಿಪೂರ್ವ ಶಿಕ್ಷಣದ ಭಾಷಾ ವಿಷಯಗಳಲ್ಲಿಯೂ ಇದೆ. ಆದರೆ ಪಟ್ಟಿಯಲ್ಲಿರುವುದಕ್ಕೂ ಸಮೀಪದ ಶಾಲೆಯಲ್ಲಿ ಶಿಕ್ಷಕರಿರುವುದಕ್ಕೂ ವ್ಯತ್ಯಾಸವಿದೆ. ಪ್ರವೇಶಕ್ಕೆ ಮೊದಲು ಶಾಲೆಯಲ್ಲಿಯೇ ವಿಚಾರಿಸುವುದು ಸೂಕ್ತ. ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳಲ್ಲಿ ಪ್ರಾಥಮಿಕ ಹಂತದಿಂದಲೇ ಅರೇಬಿಕ್ ಬೋಧಿಸಲಾಗುತ್ತದೆ. ಅಲ್ಲಿ ಅದಕ್ಕಾಗಿ ಶಿಕ್ಷಕರ ಹುದ್ದೆಗಳೇ ಇರುವುದರಿಂದ ಭಾಷೆಯ ಬೋಧನೆ ಮಸೀದಿಯ ಓದಿನಿಂದ ಪ್ರತ್ಯೇಕವಾಗಿ ಬೆಳೆಯಲು ಸಾಧ್ಯವಾಗಿದೆ.

ಶಾಲೆ ಬಿಟ್ಟವರಿಗೆ ದೂರಶಿಕ್ಷಣದ ಮಾರ್ಗಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ವಿಷಯಗಳಲ್ಲಿ ಅರೇಬಿಕ್ ಸೇರಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಅರೇಬಿಕ್ ಭಾಷೆಯ ಸರ್ಟಿಫಿಕೇಟ್ ಕೋರ್ಸನ್ನು ರೂಪಿಸಿದೆ. ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯು ವ್ಯಾವಹಾರಿಕ ಅರಬ್ಬಿಯಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಮತ್ತು ಎರಡು ವರ್ಷದ ಡಿಪ್ಲೊಮಾ ಕೋರ್ಸುಗಳನ್ನು ಸ್ವಯಂಸೇವಾ ಸಂಸ್ಥೆಗಳ ಕೇಂದ್ರಗಳ ಮೂಲಕ ನಡೆಸುತ್ತ ಬಂದಿದೆ. ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಪ್ರಕಟಣೆಯನ್ನು ಪರಿಶೀಲಿಸತಕ್ಕದ್ದು.

ಪುಸ್ತಕಗಳಲ್ಲಿ ಮೂರು ಭಾಗಗಳ ‘ದುರೂಸುಲ್ ಲುಗತಿಲ್ ಅರಬಿಯ್ಯಾ’ ಅರಬ್ಬಿ ಮಾತೃಭಾಷೆಯಲ್ಲದವರಿಗಾಗಿಯೇ ರಚಿತವಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರ ಕರ್ತೃ ಡಾ. ವಿ. ಅಬ್ದುರ್ರಹೀಮ್ (1933–2023) ಅವರು ತಮಿಳುನಾಡಿನ ವಾಣಿಯಂಬಾಡಿಯವರು; ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದವರು. ದಕ್ಷಿಣ ಭಾರತದ ಕಲಿಕಾರ್ಥಿಯು ಎಲ್ಲಿ ಎಡವುತ್ತಾನೆ ಎಂಬುದನ್ನು ಬಲ್ಲವರ ಪುಸ್ತಕವೆಂಬುದು ಅದರ ಮೊದಲ ಪಾಠದಿಂದಲೇ ತಿಳಿಯುತ್ತದೆ. ‘ಇದು ಏನು? ಇದು ಮನೆ’ ಎಂಬಷ್ಟು ಸರಳವಾದ ವಾಕ್ಯಗಳಿಂದ ಅದು ಆರಂಭವಾಗುತ್ತದೆ. ಲಖನೌದ ವಿದ್ವಾಂಸ ಅಬುಲ್ ಹಸನ್ ಅಲಿ ನದ್ವಿ (ನಿಧನ 1999) ಅವರು ಮಕ್ಕಳಿಗಾಗಿ ಬರೆದ ‘ಕಸಸುನ್ ನಬಿಯ್ಯೀನ್’ ಕಥೆಗಳಲ್ಲಿ ಒಂದೇ ಪದವು ಬೇರೆ ಬೇರೆ ವಾಕ್ಯಗಳಲ್ಲಿ ಮರಳಿ ಮರಳಿ ಬರುತ್ತದೆ. ಮಕ್ತಬ್‌ನ ಓದು ಮುಗಿಸಿದ ಮಕ್ಕಳಿಗೆ ಇದು ಹೆಚ್ಚು ಅನುಕೂಲ. ಇವೆರಡೂ ಕನ್ನಡ ಮಾಧ್ಯಮದವರನ್ನು ಉದ್ದೇಶಿಸಿದವಲ್ಲವಾದುದರಿಂದ, ಪ್ರತಿ ಪಾಠದ ಪದಗಳಿಗೆ ಕನ್ನಡದ ಅರ್ಥವನ್ನೂ, ಕನ್ನಡದಲ್ಲಿರುವ ಅದೇ ಧಾತುವಿನ ಪದವನ್ನೂ ಕಲಿಕಾರ್ಥಿಗಳು ತಮ್ಮ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಭಾಷೆಯಲ್ಲಿ ಪರಿಣತಿ ಪಡೆದವರಿಗೆ ಅನುವಾದ, ಪ್ರವಾಸೋದ್ಯಮ ಮತ್ತು ಬೋಧನಾ ಕ್ಷೇತ್ರಗಳಲ್ಲಿ ಅವಕಾಶಗಳಿವೆ. ಕಡಿಮೆ ಜನರಿಗೆ ತಿಳಿದಿರುವ ಇನ್ನೊಂದು ಕ್ಷೇತ್ರ ಶಾಸನಶಾಸ್ತ್ರ. ಕದಂಬರ ಮತ್ತು ಚಾಲುಕ್ಯರ ಕಾಲದ ಕನ್ನಡ ಶಾಸನಗಳಿಗೆ ಹಾನಗಲ್ ಮತ್ತು ಹಿರೇಕೆರೂರು ಭಾಗ ಪ್ರಸಿದ್ಧವಾಗಿದ್ದು, ಅವುಗಳನ್ನು ಓದಬಲ್ಲ ವಿದ್ವಾಂಸರ ಪರಂಪರೆಯೇ ಇದೆ. ಅರಬ್ಬಿ ಮತ್ತು ಪಾರಸಿ ಶಾಸನಗಳಿಗಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ನಾಗಪುರದಲ್ಲಿ ಪ್ರತ್ಯೇಕ ಶಾಖೆಯನ್ನು ಹೊಂದಿದೆ. ಕನ್ನಡವನ್ನೂ ಈ ಎರಡು ಭಾಷೆಗಳನ್ನೂ ಒಟ್ಟಿಗೆ ಬಲ್ಲವರು ಅಪರೂಪ.

ಶಾಲಾ ಹಂತದಲ್ಲಿ ಅರೇಬಿಕ್ ವಿಷಯದ ಲಭ್ಯತೆ ಮತ್ತು ಪರೀಕ್ಷಾ ನೋಂದಣಿಯ ಬಗ್ಗೆ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದಾಗಿದೆ. ವಿದೇಶಕ್ಕೆ ತೆರಳುವವರು ಸಹಿ ಮಾಡಿದ ಕರಾರಿನ ಅರಬ್ಬಿ ಪ್ರತಿಯ ನಕಲೊಂದನ್ನು ಮನೆಯವರ ಬಳಿ ಬಿಟ್ಟು ಹೋಗತಕ್ಕದ್ದು.